ಮಾರುದ್ದದ ವೈರು

ನಮ್ಮ ಮನೆಯಲ್ಲಿ ಪ್ರಿಂಟರಿನ ವಿಷಯಕ್ಕೆ ನಡೆದಷ್ಟು ಜಗಳ ನಾನು ಮದುವೆ ಬೇಡವೆಂದಾಗಲೂ ನಡೆದಿರಲಿಲ್ಲ. ಆಗ ಅವ್ವ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ತಾನೇ ಎದ್ದು ರೊಟ್ಟಿ ತಟ್ಟಿದಳು, ಮುಗಿಯಿತು. ಪ್ರಿಂಟರಿನ ಜಗಳ ಮಾತ್ರ ಅರ್ಧ ಮಳೆಗಾಲ ನಡೆಯಿತು. ಪ್ರಶ್ನೆ ಇಷ್ಟೇ: ಹೊಸ ಪ್ರಿಂಟರನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಜೋಡಿಸಬೇಕೋ, ವೈರಿಲ್ಲದೆ ವೈಫೈ ನೆಟ್‌ವರ್ಕಿಗೆ ಸೇರಿಸಬೇಕೋ. ಬೇರೆಯವರ ಮನೆಯಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ಅಂಗಡಿಯವನು ಕೇಳುತ್ತಾನೆ, ಕೊಳ್ಳುವವರು ಒಂದನ್ನು ಹೇಳುತ್ತಾರೆ, ಡಬ್ಬಿ ಹೊತ್ತುಕೊಂಡು ರಿಕ್ಷಾ ಹತ್ತುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಏಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬಯಿಯ ಭಾಂಡುಪಿನಲ್ಲಿ, ಗುಡ್ಡದ ಬದಿಯ ಚಾಳಿನಲ್ಲಿ ನಮ್ಮದು ಕೆಳಗಿನ ಖೋಲಿ. ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ನಮ್ಮ ನೆತ್ತಿಯ ಮೇಲೆಯೇ ಮೇಸ್ತ್ರಿಯ ಕಾರ್ಖಾನೆ. ಕಾರ್ಖಾನೆ ಎಂದರೆ ಹೊಗೆಯೂ ಇಲ್ಲ, ಪಾಳಿಗೆ ಕೂಗುವ ಭೋಂಗಾವೂ ಇಲ್ಲ. ಉದ್ದನೆಯ ಕೋಣೆಯಲ್ಲಿ ನಾಲ್ಕು ಮರದ ಚೌಕಟ್ಟುಗಳು. ಅವಕ್ಕೆ ಅಡ್ಡಾ ಎನ್ನುತ್ತಾರೆ. ಅಡ್ಡಾಕ್ಕೆ ಬಟ್ಟೆಯನ್ನು ಡೋಲಿನ ಹಾಗೆ ಬಿಗಿದು, ಎರಡೂ ಬದಿಗೆ ಕೆಲಸಗಾರರು ಚಕ್ಕಳಮಕ್ಕಳ ಹಾಕಿ ಕೂತು, ಕೊಕ್ಕೆಸೂಜಿಯಿಂದ ಜರಿ, ಮಣಿ, ಮುತ್ತುಗಳನ್ನು ಕೂರಿಸುತ್ತಾರೆ. ಹೆಚ್ಚಾಗಿ ಮದುವೆಯ ಬ್ಲೌಸುಗಳು. ಮೇಸ್ತ್ರಿ ವಿಜಯಪುರದ ಕಡೆಯ ಮುಸಲ್ಮಾನರು. ಮನೆಯೊಳಗೆ ದಖನಿ, ಗಿರಾಕಿಗಳೊಡನೆ ಹಿಂದಿ, ನಮ್ಮೊಡನೆ ಕನ್ನಡ. ನಾವು ಧಾರವಾಡದ ಕಡೆಯವರು. ಅಪ್ಪ ಪರೇಲಿನ ಬಟ್ಟೆ ಗಿರಣಿಯಲ್ಲಿದ್ದ. ಗಿರಣಿ ಮುಚ್ಚಿತು, ಕೆಲವು ವರ್ಷಗಳಲ್ಲಿ ಅಪ್ಪನೂ ಹೋದ. ಆಗ ಅವ್ವ ಮೇಲಿನ ಕಾರ್ಖಾನೆಗೆ, ಮುಗಿದ ಬಟ್ಟೆಯ ಹಿಂಬದಿಯಲ್ಲಿ ನೇತಾಡುವ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಹೋದಳು.

ಕೈಗೆ ಕೆಲಸ ಸಿಕ್ಕಿತು, ಬಾಯಿ ಸುಮ್ಮನಿರಬೇಕಲ್ಲ. ಎರಡನೆಯ ವಾರವೇ ಅಡ್ಡಾದ ಮೇಲಿನ ಬಟ್ಟೆ ನೋಡಿ ಮೇಸ್ತ್ರಿಗೆ ಹೇಳಿದಳಂತೆ, "ತಮ್ಮಾ, ಸಿಟ್ಟಾಗಬ್ಯಾಡ. ಎಡಗಡಿ ನವಿಲು ಮುಗ್ಗರಿಸಾಕತ್ತೇತಿ ನೋಡು." ಕೆಲಸಗಾರರೆಲ್ಲ ನಕ್ಕರಂತೆ. ಮೇಸ್ತ್ರಿ ನಗಲಿಲ್ಲ. ಎದ್ದು ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು, ಆಮೇಲೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಅವಳ ಕೈಗೆ ಕೊಟ್ಟು, "ಹಂಗಾರ ನೀವ ಬರದು ತೋರಸ್ರಿ ಅಕ್ಕಾ" ಎಂದರು. ಅವ್ವ ಬರೆದು ತೋರಿಸಿದಳು. ಅಂದಿನಿಂದ ದಾರ ಕತ್ತರಿಸುವ ಕತ್ತರಿ ಬೇರೆಯವರ ಕೈಗೆ ಹೋಯಿತು, ಖಾಕಾ ಬರೆಯುವ ಕೆಲಸ ನಮ್ಮ ಮನೆಗೆ ಬಂತು.

ಖಾಕಾ ಎಂದರೆ ಚಿತ್ರದ ಅಚ್ಚು. ಟ್ರೇಸಿಂಗ್ ಪೇಪರಿನ ಮೇಲೆ ನವಿಲು, ಬಳ್ಳಿ, ಮಾವಿನಕಾಯಿಯ ಆಕಾರದ ಕೈರಿ ಬರೆಯಬೇಕು. ಗೆರೆಯ ಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಬೇಕು. ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಚಿಂದಿಯಿಂದ ಒರೆಸಿದರೆ, ತೂತಿನೊಳಗಿಂದ ಇಳಿದ ಚುಕ್ಕೆಗಳಲ್ಲಿ ಚಿತ್ರ ಮೂಡುತ್ತದೆ. ಅದರ ಮೇಲೆ ಕೆಲಸಗಾರರ ಸೂಜಿ ಓಡುತ್ತದೆ. ಬರೆಯುವುದು ಅವ್ವ, ಚುಚ್ಚುವುದು ನಾನು. ಶಾಲೆಯಿಂದ ಬಂದು, ಮಡಿಸಿದ ಕಂಬಳಿಯ ಮೇಲೆ ಕಾಗದ ಹಾಸಿ, ಟಕ್ ಟಕ್ ಟಕ್ ಎಂದು ಚುಚ್ಚುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮುಗಿದ ಮೇಲೆ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದೆವು. ಒಂದೊಂದು ತೂತಿನಿಂದಲೂ ಬೆಳಕು ಬರುತ್ತಿತ್ತು. ನಮ್ಮ ಮನೆಗೆ ಸೀಮೆಎಣ್ಣೆಯ ವಾಸನೆ ಎಂದು ಶಾಲೆಯ ಗೆಳತಿಯರು ಮೂಗು ಮುಚ್ಚುತ್ತಿದ್ದರು. ಈಗ ಆ ವಾಸನೆ ಎಲ್ಲಾದರೂ ಬಂದರೆ ನಾನು ನಿಂತುಬಿಡುತ್ತೇನೆ.

ಬ್ಲೌಸಿನ ಕುತ್ತಿಗೆಯ ಖಾಕಾ ಮುಗಿದಾಗಲೆಲ್ಲ ಅವ್ವ ನನ್ನನ್ನು ಕರೆಯುತ್ತಿದ್ದಳು. "ಇಲ್ಲಿ ಬಾರಬೇ, ನೆಟ್ಟಗ ನಿಂದ್ರು." ಲೆಕ್ಕದ ಪುಸ್ತಕವಿರಲಿ, ಬಾಯಲ್ಲಿ ತುತ್ತಿರಲಿ, ಎದ್ದು ನಿಲ್ಲಬೇಕು. ಕಾಗದವನ್ನು ನನ್ನ ಎದೆಯ ಮೇಲೆ ಹಿಡಿದು, ಹೆಗಲಿಗೆ ಸರಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ನೋಡುವಳು. ನನ್ನ ಮೈ ಸಣ್ಣದು, ಗಿರಾಕಿಯ ಮೈ ದೊಡ್ಡದು ಎಂಬ ಲೆಕ್ಕ ಅವಳ ತಲೆಯಲ್ಲೇ ನಡೆಯುತ್ತಿತ್ತು. ಆಮೇಲೆ ಗೇಣು ಹಾಕಿ, ಬೆರಳು ಹಾಕಿ ಅಳೆದು, ಹೆಗಲಿನ ಹತ್ತಿರ ಒಂದೆರಡು ಎಲೆ ಸೇರಿಸುವಳು. ಭಾಂಡುಪಿನಿಂದ ವಡಾಲದವರೆಗೆ ಎಷ್ಟು ಮದುಮಕ್ಕಳ ಬ್ಲೌಸು ಮೊದಲು ಕಾಗದದಲ್ಲಿ ನನ್ನ ಮೈಮೇಲೆ ಬಂದು ಹೋಗಿದೆಯೋ ನನಗೆ ಗೊತ್ತಿಲ್ಲ. ದೊಡ್ಡವಳಾದ ಮೇಲೆ ಅಕ್ಕಪಕ್ಕದವರಿಗೆ ಇದು ಚುಚ್ಚುಮಾತಿಗೆ ಒಳ್ಳೆಯ ವಸ್ತುವಾಯಿತು. ನನಗೇನೂ ಬೇಸರವಿರಲಿಲ್ಲ, ಅವ್ವನಿಗಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಅವ್ವನ ಖಾಕಾವನ್ನು ಮೇಲೆ ಯಾರೂ ಅಳೆಯುತ್ತಿರಲಿಲ್ಲ. ಹೊಸದಾಗಿ ಸೇರಿದ ಕೆಲಸಗಾರನೊಬ್ಬ ಒಮ್ಮೆ ಅವಳೆದುರಿಗೇ ಕಾಗದಕ್ಕೆ ಇಂಚು ಟೇಪು ಹಿಡಿದ. ಮೇಸ್ತ್ರಿಯ ಮುಖ ಕೆಂಪಾಯಿತು. "ಅಕ್ಕಾರ ಕಾಗದಕ್ಕ ಟೇಪ್ ಹಚ್ಚತಿ ಏನು? ತೆಗಿ ಮೊದಲ!" ಎಂದು ಅವನ ಕೈಯಿಂದ ಕಿತ್ತುಕೊಂಡರು. ಅಲ್ಲಿಂದ ಮುಂದೆ ಅದೇ ಕಾರ್ಖಾನೆಯ ಕಾಯಿದೆ. ಟೇಪು ಬಟ್ಟೆಗೆ ಮಾತ್ರ. ಕೆಳಗಿನ ಖೋಲಿಯಿಂದ ಬಂದ ಕಾಗದವನ್ನು ಅಳೆಯುವುದೆಂದರೆ ಅಕ್ಕನ ಮೇಲೆ ಅನುಮಾನ ಪಟ್ಟಂತೆ. ಅವ್ವ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಪ್ರತಿ ಸಲವೂ ಮೇಸ್ತ್ರಿಯ ಸಿಟ್ಟು ಸ್ವಲ್ಪ ಜಾಸ್ತಿಯಾಗುತ್ತಿತ್ತು.

ಕಾಲ ಬದಲಾಯಿತು. ಗಿರಾಕಿಗಳು ಮೊಬೈಲಿನಲ್ಲಿ ಚಿತ್ರ ತಂದು "ಹೀಗೇ ಬೇಕು" ಎನ್ನತೊಡಗಿದರು. ಅವ್ವನ ಕಣ್ಣಿಗೆ ಪೊರೆ ಬಂತು; ಒಂದು ಕಣ್ಣಿಗೆ ಆಪರೇಷನ್ನಾಯಿತು, ಇನ್ನೊಂದಕ್ಕೆ ಅವಳು ಒಪ್ಪಲಿಲ್ಲ. ಸಣ್ಣ ಚಿತ್ರ ನೋಡಿ ದೊಡ್ಡದಾಗಿ ಬರೆಯುವುದು ಕಷ್ಟವಾಯಿತು. ಆ ಹೊತ್ತಿಗೆ ನನಗೆ ಪರೇಲಿನ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಕೆಲಸ ಸಿಕ್ಕಿತ್ತು. ಯಾರೋ ಮಾರುತ್ತಿದ್ದ ಹಳೆಯ ಕಂಪ್ಯೂಟರನ್ನೂ ಒಂದು ಸಾದಾ ಪ್ರಿಂಟರನ್ನೂ ತಂದೆ. ಆ ಪ್ರಿಂಟರಿಗೆ ಇದ್ದದ್ದು ಯುಎಸ್‌ಬಿ ವೈರೊಂದೇ, ಮಾರುದ್ದದ್ದು. ಅದು ಎಟುಕುವ ಜಾಗ ನಮ್ಮ ಖೋಲಿಯಲ್ಲಿ ಒಂದೇ, ಬಾಗಿಲ ಪಕ್ಕದ ಕಬ್ಬಿಣದ ಟ್ರಂಕು. ಪ್ರಿಂಟರು ಅಲ್ಲಿ ಕೂತಿತು, ಅದರ ಪಕ್ಕದಲ್ಲಿ ಅವ್ವ.

ಕೆಲಸದ ರೀತಿ ಹೀಗಿತ್ತು. ಮೇಸ್ತ್ರಿ ಚಿತ್ರವನ್ನು ನನ್ನ ಮೊಬೈಲಿಗೆ ಕಳಿಸಿ, ತಾವೂ ಇಳಿದು ಬರುವರು. ನಾನು ಅದನ್ನು ಕಂಪ್ಯೂಟರಿಗೆ ಹಾಕಿ, ಬೇಕಾದ ಅಳತೆಗೆ ಹಿಗ್ಗಿಸಿ, ನೂರಕ್ಕೆ ನೂರು ಅಳತೆಯಲ್ಲೇ ಬರಲಿ ಎಂದು ಗುರುತು ಹಾಕಿ, ನಾಲ್ಕಾರು ಹಾಳೆಗಳಲ್ಲಿ ತುಂಡುತುಂಡಾಗಿ ತೆಗೆಯುವೆ. ಅವ್ವ ಹಾಳೆಗಳನ್ನು ಅಂಟಿಸಿ, ಗೇಣು ಹಾಕಿ ನೋಡಿ, "ಕುತ್ತಿಗಿ ಹಿಡದೈತಿ, ಜರಾ ಬಿಡು" ಎಂದೋ, "ಈ ಬಳ್ಳಿ ಯಾಕ ಹಿಂಗ ಸತ್ತ ಹಾವಿನಗತೆ ಬಿದ್ದೈತಿ" ಎಂದೋ ತಿದ್ದುವಳು. ಮೇಸ್ತ್ರಿ ಹೊಸ್ತಿಲ ಒಳಗಿನ ಮಣೆಯ ಮೇಲೆ ಕೂತು ಚಹಾ ಕುಡಿಯುತ್ತ "ಬರಾಬರ್ ಅಕ್ಕಾ, ಬರಾಬರ್" ಎನ್ನುವರು. ಚಹಾ ಮುಗಿದರೂ ಏಳುತ್ತಿರಲಿಲ್ಲ. ವಿಜಯಪುರದ ಬಿಸಿಲು, ಮೊಣಕಾಲಿನ ನೋವು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಎಲ್ಲ ಆಗಬೇಕು. ಇಷ್ಟು ಸಾಲದು ಎಂಬಂತೆ, ಈ ಮನೆಯಲ್ಲಿ ಪ್ರಿಂಟರಿದೆ ಎಂದು ಚಾಳಿಗೆಲ್ಲ ಗೊತ್ತಾಯಿತು. ಆಧಾರ್ ಕಾರ್ಡಿನ ನಕಲು, ಶಾಲೆಯ ಫಾರ್ಮು, ರೈಲಿನ ಟಿಕೆಟ್ಟು. ಅವ್ವ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. "ಕುಂದರ್ರಿ, ಮಗಳು ಬರತಾಳ" ಎನ್ನುವಳು.

ಮಗಳು ಬರುವುದು ಹೇಗೆಂದು ಅವಳಿಗೇನು ಗೊತ್ತು? ದಿನವಿಡೀ ಕೌಂಟರಿನ ಕಿಂಡಿಯಲ್ಲಿ ನೂರಾರು ಮುಖ. ಅಳುವವರು, ಗದರುವವರು, ಹೆಸರು ಹೇಳುವ ಬದಲು ರೋಗ ಹೇಳುವವರು. ಸಂಜೆಯ ಲೋಕಲ್ ರೈಲಿನಲ್ಲಿ ಯಾರದೋ ಬೆನ್ನಿಗೆ ಮೂಗೊತ್ತಿ ನಿಂತು ಭಾಂಡುಪಿಗೆ ಬಂದರೆ, ನನಗೆ ಬೇಕಾದದ್ದು ಮುಚ್ಚಿದ ಬಾಗಿಲು ಮತ್ತು ಒಂದು ಫ್ಯಾನು. ಸಿಗುತ್ತಿದ್ದದ್ದು ನನ್ನ ಹಾಸಿಗೆಯ ಮೇಲೆ ಕೂತ ಇಬ್ಬರು ಹೆಂಗಸರು, ಹೊಸ್ತಿಲಲ್ಲಿ ಮೇಸ್ತ್ರಿ. ನಾನು ನಗದೆ ಚಪ್ಪಲಿ ಬಿಡುತ್ತಿದ್ದೆ. ಈಗ ನೆನೆದರೆ, ಆ ಹೆಂಗಸರು ಸರಿದು ನನಗೆ ಜಾಗ ಮಾಡಿಕೊಡುತ್ತಿದ್ದ ರೀತಿ ಕಣ್ಣಿಗೆ ಕಟ್ಟುತ್ತದೆ. ಆಗ ಸಿಟ್ಟು ಬರುತ್ತಿತ್ತು.

ಮಳೆಗಾಲದ ಶುರುವಿನಲ್ಲಿ ಹಳೆಯ ಪ್ರಿಂಟರು ಕಣ್ಣು ಮುಚ್ಚಿತು. ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಹೋದೆ. "ಮೇಡಂ, ಯುಎಸ್‌ಬಿವಾಲಾ ಚಾಹಿಯೇ ಯಾ ನೆಟ್‌ವರ್ಕ್‌ವಾಲಾ?" ಎಂದ ಅಂಗಡಿಯವನು. ವ್ಯತ್ಯಾಸವನ್ನು ಅವನೇ ವಿವರಿಸಿದ. ಯುಎಸ್‌ಬಿ ಆದರೆ ಆ ಒಂದು ಕಂಪ್ಯೂಟರಿನಿಂದ ಮಾತ್ರ, ನೆಟ್‌ವರ್ಕ್ ಆದರೆ ವೈಫೈ ಹತ್ತಿದ ಎಲ್ಲ ಮೊಬೈಲಿನಿಂದ. ಯಾರೂ ಯಾರ ಹತ್ತಿರವೂ ಬರಬೇಕಾಗಿಲ್ಲ. ಆ ಕೊನೆಯ ಮಾತು ನನ್ನ ಕಿವಿಗೆ ಜೇನಾಯಿತು. ನೆಟ್‌ವರ್ಕಿನದನ್ನೇ ತಂದೆ.

ಡಬ್ಬಿ ಬಿಚ್ಚಿದೊಡನೆ ಅವ್ವ ಕೇಳಿದ್ದು, "ವೈರ್ ಎಲ್ಲೈತಿ?"

"ಇದಕ್ಕೆ ವೈರ್ ಬೇಡವ್ವಾ. ಮೇಲಿಂದಲೇ ಮೇಸ್ತ್ರಿ ತಮ್ಮ ಮೊಬೈಲಿನಲ್ಲಿ ಒತ್ತಿದರೆ ಇಲ್ಲಿ ಕಾಗದ ಬರುತ್ತೆ."

"ಹಂಗಾರ ಅವರು ಇಳದು ಬರೂದು?"

"ಬರುವುದೇ ಬೇಡ. ಅವರ ಮೊಣಕಾಲಿಗೂ ಒಳ್ಳೆಯದು."

ಅವ್ವ ಪ್ರಿಂಟರಿನ ಬೆನ್ನು ತಡವಿದಳು. ಅಲ್ಲಿ ವೈರಿನ ತೂತೂ ಇತ್ತು, ಬೆರಳಿಗೆ ಸಿಕ್ಕಿತು. "ಇಲ್ಲಿ ಐತಲ್ಲ ತೂತು. ಹಳೀ ವೈರ್ ಹಚ್ಚು" ಎಂದಳು. ಇದು ಜಗಳದ ಮೊದಲ ದಿನ. ಆಮೇಲೆ ದಿನವೂ ಅದೇ. ನಾನು ಅನುಕೂಲದ ಮಾತಾಡುತ್ತಿದ್ದೆ, ಅವಳು ಒಂದೇ ಮಾತು ಹಿಡಿದಿದ್ದಳು: "ವೈರ್ ಇದ್ರ ಮಂದಿ ಮನಿಗೆ ಬರತಾರ." "ಅದಕ್ಕೇ ವೈರ್ ಬೇಡ ಅನ್ನೋದು" ಎಂದು ನಾನು. ಮುದುಕಿಗೆ ಹತ್ತು ಜನ "ಅಕ್ಕಾ, ಅಕ್ಕಾ" ಎನ್ನಬೇಕು, ಅದರ ಹುಚ್ಚು ಬಿಟ್ಟಿಲ್ಲ ಎಂದುಕೊಂಡೆ. ಒಂದು ದಿನ ಹಾಗೆಂದು ಮುಖದ ಮೇಲೆ ಹೇಳಿಯೂಬಿಟ್ಟೆ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. ಆ ಭಾನುವಾರ ನಾನು ನೆಟ್‌ವರ್ಕ್ ಸೇರಿಸಿ, ಮೇಲೆ ಹೋಗಿ ಮೇಸ್ತ್ರಿಯ ಮೊಬೈಲಿಗೂ ಹೊಂದಿಸಿ ಬಂದೆ.

ಮೊದಲ ಸಲ ಯಾರೂ ಹೇಳದೆ ಕೇಳದೆ ಪ್ರಿಂಟರು ಗುರ್ ಎಂದು ಕಾಗದ ಉಗುಳಿದಾಗ ಅವ್ವ ಬೆಚ್ಚಿಬಿದ್ದಳು. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದಲು ಕೂತಳು. ಅಷ್ಟರಲ್ಲಿ ಮೇಲಿನಿಂದ ಒಬ್ಬ ಕೆಲಸಗಾರ ಬಂದು, ಹೊರಗೇ ನಿಂತು, "ಕೊಡ್ರಿ ಅಜ್ಜೀ, ಅರ್ಜೆಂಟ್ ಐತಿ" ಎಂದು ಇಸಿದುಕೊಂಡು ಹೋದ. ಎರಡು ವಾರ ಹೀಗೆ ನಡೆಯಿತು. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕ ಮೇಸ್ತ್ರಿ ತಲೆ ಕೆರೆಯುತ್ತ ಕೇಳಿದರು, "ಬೇಟಿ, ಹೆಂಗೂ ವೈರ್ ಇಲ್ಲ. ಮಷಿನ್ ಮ್ಯಾಲ ಇಟ್ಟರ ನಡೀತೈತಿ ಏನು? ಹುಡುಗರು ಹತ್ತೂದು ಇಳಿಯೂದು ತಪ್ಪತೈತಿ. ಅಕ್ಕಾರಿಗೂ ತ್ರಾಸು."

ನಡೆಯುತ್ತದೆ ಎಂದೆ. ಒಂದು ಗಂಟೆಯೊಳಗೆ ನಾನೇ ಹೊತ್ತುಕೊಂಡು ಹೋಗಿ ಮೇಲಿಟ್ಟೆ. ಅವ್ವ ಬಾಗಿಲು ಹಿಡಿದು ನಿಂತು ನನಗೆ ದಾರಿ ಬಿಟ್ಟಳು. ಅವಳು ಹಾಗೆ ದಾರಿ ಬಿಟ್ಟದ್ದು ನನಗೆ ಗೆಲುವಿನ ಹಾಗೆ ಕಂಡಿತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಆಮೇಲಿನ ಒಂದೂವರೆ ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದೆ, ಸುಳ್ಳೇಕೆ ಹೇಳಲಿ. ಮನೆ ಮನೆಯಾಯಿತು. ಚಾಳಿನವರೂ ತಮ್ಮ ಫಾರ್ಮುಗಳನ್ನು ಮೇಲೆಯೇ ತೆಗೆಸಿಕೊಳ್ಳತೊಡಗಿದರು. ಅವ್ವ ಮಾತ್ರ ಸಂಜೆ ನಾನು ಬಂದೊಡನೆ ಆಸ್ಪತ್ರೆಯ ಸುದ್ದಿ ಕೇಳತೊಡಗಿದಳು. ಯಾರು ಬಂದಿದ್ದರು, ಯಾವ ಊರಿನವರು, ಜೊತೆಗೆ ಯಾರಿದ್ದರು, ಏನು ತಿಂದರು. ಮೊದಲು ಯಾವತ್ತೂ ಕೇಳಿದವಳಲ್ಲ. ನಾನು ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹೆಜ್ಜೆ ನೀರಿನ ನಳದ ಕಡೆಗೆ ಹೋಗುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿ ಇಳಿದು ಬಂದರು. ಕೈಯಲ್ಲಿ ಮಲ್‌ಮಲ್ ಬಟ್ಟೆಯ ಗಂಟು. ಮಣೆಯ ಮೇಲೆ ಕೂರಲಿಲ್ಲ, ನೆಲದ ಮೇಲೆಯೇ ಕುಸಿದರು. "ಅಕ್ಕಾ, ಮರ್ಯಾದಿ ಹೋಗೂ ಹೊತ್ತು ಬಂದೈತಿ" ಎಂದರು.

ಗಂಟಿನಲ್ಲಿದ್ದದ್ದು ವಡಾಲದ ಮದುಮಗಳ ಬ್ಲೌಸಿನ ಬಟ್ಟೆ. ಕಡುಗೆಂಪು ರೇಷ್ಮೆ, ಮೈತುಂಬ ಜರಿ, ನಾಲ್ಕು ಜನರ ಎರಡು ವಾರದ ಕೆಲಸ. ಹಿಂಗುತ್ತಿಗೆಯನ್ನು ಅವ್ವ ಹಿಂದೆ ಬರೆದಿಟ್ಟಿದ್ದ ಖಾಕಾದಿಂದಲೇ ಮಾಡಿದ್ದರು. ಮುಂಗುತ್ತಿಗೆಯನ್ನು ಗಿರಾಕಿಯ ಇಷ್ಟದಂತೆ ಹೊಸದಾಗಿ, ಮೊಬೈಲಿನಿಂದ ಪ್ರಿಂಟು ತೆಗೆದು. ಹೊಲಿಯಲು ಕೊಟ್ಟಾಗ ಟೇಲರು ತನ್ನ ಅಳತೆ ಇಟ್ಟು ನೋಡಿ, ಕತ್ತರಿ ಹಾಕದೆ ವಾಪಸು ಕಳಿಸಿದ್ದ. ಮದುವೆಗೆ ಉಳಿದದ್ದು ನಾಲ್ಕು ದಿನ.

ಅವ್ವ ಕನ್ನಡಕ ಹಾಕಿಕೊಳ್ಳಲಿಲ್ಲ. "ಬಾರಬೇ" ಎಂದು ನನ್ನನ್ನು ಕರೆದಳು. ನಲವತ್ತು ದಾಟಿದ ನಾನು, ಶಾಲೆಯ ಹುಡುಗಿಯ ಹಾಗೆ, ಎದ್ದು ನೆಟ್ಟಗೆ ನಿಂತೆ. ಮುಂದಿನ ಭಾಗವನ್ನು ಎದೆಗೆ, ಹಿಂದಿನದನ್ನು ಬೆನ್ನಿಗೆ ಹಿಡಿದು ಹೆಗಲಿನಲ್ಲಿ ಕೂಡಿಸಲು ನೋಡಿದಳು. ಹಿಂದಿನಿಂದ ಬಂದ ಬಳ್ಳಿ ಹೆಗಲಿನ ತನಕ ಬಂದು ನಿಂತಿತ್ತು. ಮುಂದಿನ ಬಳ್ಳಿ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಖಾಲಿ ಜಾಗದ ಮೇಲೆ ಅವಳು ತನ್ನ ಬೆರಳಿಟ್ಟಳು. ಬೆರಳು ಸರಿಯಾಗಿ ಕೂತಿತು. "ಎರಡೂ ಕಡೆ ಬೆರಳು ಬೆರಳು ಕಮ್ಮಿ ಬಂದೈತಿ" ಎಂದಳು.

ನನಗೆ ಥಟ್ಟನೆ ಹೊಳೆಯಿತು. ಮೊಬೈಲಿನಿಂದ ಕಳಿಸಿದರೆ ಪ್ರಿಂಟರು ಚಿತ್ರವನ್ನು ಹಾಳೆಯ ಅಂಚಿನೊಳಗೆ ಕೂರಿಸಲು ತಾನಾಗಿಯೇ ತುಸು ಕುಗ್ಗಿಸುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಳೆಗೆ ಇಷ್ಟಿಷ್ಟೇ, ಆದರೆ ನಾಲ್ಕು ಹಾಳೆ ಅಂಟಿಸಿದರೆ ಬೆರಳಷ್ಟು. ಕಂಪ್ಯೂಟರಿನಲ್ಲಿ ಪ್ರತಿ ಸಲ ನಾನು ನೂರಕ್ಕೆ ನೂರು ಎಂದು ಗುರುತು ಹಾಕುತ್ತಿದ್ದೆ. ಮೊಬೈಲಿನ ವಿಷಯ ಮೇಸ್ತ್ರಿಗೆ ಹೇಳುವ ಗೋಜಿಗೇ ಹೋಗಿರಲಿಲ್ಲ. ಬಾಗಿಲು ಮುಚ್ಚುವ ಆತುರದಲ್ಲಿದ್ದೆನಲ್ಲ. ತಪ್ಪು ನನ್ನದೇ ಎಂದು ಹೇಳಿದೆ.

"ಆದರೂ ಮೇಸ್ತ್ರಿ, ಯಾರಾದರೂ ಒಮ್ಮೆ ಟೇಪು ಹಿಡಿಯಬಾರದಿತ್ತೇ?" ಎಂದೂ ಕೇಳಿದೆ.

ಮೇಸ್ತ್ರಿ ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದರು. "ಆ ಮಷಿನ್ನಿನ ಕಾಗದಾ ಅಳಿಯೂ ರೂಢೀನ ಇಲ್ಲ ಬೇಟಿ ನಮಗ. ಇಷ್ಟು ವರ್ಷ ಅಕ್ಕಾರ ಮನಿಯಿಂದ ಬಂದಿದ್ದು. ಮಷಿನ್ ಮ್ಯಾಲ ಬಂತು, ಅಕ್ಕಾ ಕೆಳಗ ಉಳದರು. ನಮ್ಮ ತಲ್ಯಾಗ ಬರಲೇ ಇಲ್ಲ."

ಅವ್ವ ಬೈಯುವಳೆಂದು ಕಾದೆ. ಅವಳು ಬೈಯಲಿಲ್ಲ. "ಚಾಕ್ ತಗೊಂಬಾ" ಎಂದಳು. ರೇಷ್ಮೆಯನ್ನು ನೆಲದ ಮೇಲೆ ಹಾಸಿ, ಮುಂದಿನ ಬಳ್ಳಿ ನಿಂತ ಕಡೆ ಎಡಗೈ ಬೆರಳಿಟ್ಟು, ಬಲಗೈಯಿಂದ ಗೆರೆ ಎಳೆದಳು. ಸೊಟ್ಟಗೆ ಹೋದ ಗೆರೆಯನ್ನು ಒರೆಸಿ ಮತ್ತೆ ಎಳೆದಳು. ಮೂರನೆಯ ಸಲಕ್ಕೆ ಹೆಗಲಿನ ಕಡೆ ಬಾಗಿದ ಒಂದು ಜೋಡಿ ಎಲೆ, ಅದರ ತುದಿಗೊಂದು ಮೊಗ್ಗು ಬಂತು. ಆ ಮೊಗ್ಗು ಹೋಗಿ ಹಿಂದಿನ ಬಳ್ಳಿಗೆ ತಾಗುವಂತಿತ್ತು. ಮೊದಲೇ ಹೀಗೆ ಬರೆದದ್ದೋ ಎನ್ನಿಸುವ ಹಾಗೆ. ಅದನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿಕೊಟ್ಟಳು. ನಾನು ಕಂಬಳಿ ಮಡಿಸಿ ಚುಚ್ಚಲು ಕೂತೆ. ಎಷ್ಟು ವರ್ಷವಾಗಿತ್ತೋ. ಟಕ್ ಟಕ್ ಎಂಬ ಸದ್ದು ಮತ್ತೆ ಮನೆ ತುಂಬಿತು. ನಡುವೆ ಒಮ್ಮೆ ಅವ್ವ ಕಾಗದವನ್ನು ಬೆರಳಿನಿಂದ ಸವರಿ, "ಇಲ್ಲಿ ದೂರ ದೂರ ಚುಚ್ಚೀದಿ" ಎಂದಳು. ನನಗೆ ಖುಷಿಯಾಯಿತು, ಅಳುವೂ ಬಂತು. ಬ್ಲೌಸು ಹೊತ್ತಿಗೆ ಸರಿಯಾಗಿ ವಡಾಲಕ್ಕೆ ಹೋಯಿತು. ಮದುಮಗಳಿಗೆ ಆ ಮೊಗ್ಗೇ ಬಹಳ ಇಷ್ಟವಾಯಿತಂತೆ.

ಮರುವಾರ ಮೊಬೈಲಿನಲ್ಲಿ ಅಳತೆ ಸರಿಮಾಡುವ ಕ್ರಮ ತೋರಿಸಿಕೊಡಲು ಮೇಲೆ ಹೋದೆ. ಮೇಸ್ತ್ರಿ ಕೈ ಅಡ್ಡ ಮಾಡಿದರು. "ನಕ್ಕೋ ಬೇಟಿ. ಇವತ್ತ ನೂರು ಮಾಡತಿ, ನಾಳಿ ಯಾರದರ ಕೈ ತಾಗಿ ತೊಂಬತ್ತಾಗತೈತಿ. ಕೆಳಗ ಒಯ್ಯಿ. ವೈರ್ ಹಚ್ಚು." ಹೊತ್ತುಕೊಂಡು ಹೋದ ಪ್ರಿಂಟರನ್ನು ಹೊತ್ತುಕೊಂಡೇ ಇಳಿದೆ. ಟ್ರಂಕಿನ ಮೇಲೆ ಇಟ್ಟು, ಹಳೆಯ ವೈರನ್ನು ಅದರ ಬೆನ್ನಿಗೆ ಚುಚ್ಚಿದೆ.

ಸೋತವಳ ಬಾಯಿ ಸುಮ್ಮನಿರುವುದಿಲ್ಲ. "ಆಯ್ತಾ ಸಮಾಧಾನ? ನಾಳೆಯಿಂದ ಮತ್ತೆ ನಿನ್ನ ದರಬಾರು ಶುರು" ಎಂದೆ.

ಅವ್ವ ಪ್ರಿಂಟರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ನಿಲ್ಲಿಸಿ ಹೇಳಿದಳು, "ನನ್ನ ಸಲುವಾಗಿ ಅಂತ ತಿಳಕೊಂಡೀ ಏನು? ನಂದಿನ್ನ ಎಷ್ಟು ದಿನಾ. ನಾ ಹ್ವಾದ ಮ್ಯಾಲ ಈ ಬಾಗಲಾ ಯಾರು ಬಡೀತಾರ? ನೀ ಯಾರಿಗೂ ಬಾ ಅನ್ನಾಕಿ ಅಲ್ಲ. ಬಂದವರ ಮುಂದ ಮುಖಾ ಗಂಟ ಹಾಕ್ಕೊಂಡು ಕುಂದರತಿ. ಕೆಲಸ ಅಂತ ಆದ್ರ ನಿನ್ನ ಮುಖಾ ನೋಡದ ಬರತಾರ. ಬಂದವರು ಒಂದೀಟು ಕುಂದರತಾರ. ಅದಕ್ಕ ವೈರ್ ಅಂದೆ."

ನೀರು ತರುವ ನೆಪ ಮಾಡಿ ಕೊಡ ಎತ್ತಿಕೊಂಡು ಹೊರಗೆ ಹೋದೆ. ನಳದಲ್ಲಿ ನೀರಿರಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಅರ್ಧ ಮಳೆಗಾಲ ಅವಳು ನನಗಾಗಿ ಜಗಳವಾಡಿದ್ದಳು; ನಾನು ಅವಳನ್ನು ಹುಚ್ಚು ಮುದುಕಿ ಮಾಡಿದ್ದೆ.

ಅದಾದ ಮೇಲೆ ಅವ್ವ ಎರಡು ವರ್ಷ ಇದ್ದಳು. ಆ ಎರಡು ವರ್ಷ ನಮ್ಮ ಮನೆಯಲ್ಲಿ ಮೊದಲಿನಂತೆ ಜನ. ನಾನು ನಗಲು ಕಲಿತೆ ಎಂದರೆ ಸುಳ್ಳಾಗುತ್ತದೆ, ಆದರೆ ಚಪ್ಪಲಿ ಬಿಡುವಾಗ "ಯಾವಾಗ ಬಂದಿರಿ?" ಎಂದು ಕೇಳತೊಡಗಿದೆ. ಗೇಣು ಹಾಕುವುದನ್ನು ಅವಳು ನನಗೆ ಕಲಿಸಿದಳು. ಕಣ್ಣು ತೀರ ಮಂಜಾದ ಮೇಲೂ ಬೆರಳು ಸವರಿ, ಎಲ್ಲಿ ತಪ್ಪಿದ್ದೇನೆಂದು ಹೇಳುತ್ತಿದ್ದಳು. ಹೋದ ಚಳಿಗಾಲದಲ್ಲಿ, ಒಂದು ಬೆಳಗ್ಗೆ, ಹಲ್ಲುಜ್ಜಿ ಬಂದು ಮಲಗಿದವಳು ಏಳಲಿಲ್ಲ.

ದಿನಕರ್ಮಗಳು ಮುಗಿದು, ಬಂದವರೆಲ್ಲ ಊರಿಗೆ ಹೋದರು. ನಾನು ಕೆಲಸಕ್ಕೆ ಹೋಗಲು ಶುರುಮಾಡಿದ ವಾರದಲ್ಲೇ ಒಂದು ಸಂಜೆ ಮೇಸ್ತ್ರಿ ಬಂದರು. ಒಂದೊಂದೇ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುವುದು ನನಗೆ ಒಳಗಿನಿಂದಲೇ ಕೇಳಿಸುತ್ತಿತ್ತು. ಹೊಸ ಚಿತ್ರವೊಂದನ್ನು ತೋರಿಸಿದರು. ನಾನು ಪ್ರಿಂಟು ತೆಗೆದು, ಅಂಟಿಸಿ, ಗೇಣು ಹಾಕಿದೆ. ಅವರು ಮಣೆಯ ಮೇಲೆ ಕೂತು ಮೊಣಕಾಲು ತಿಕ್ಕುತ್ತಿದ್ದರು. ನೋಡಲಾಗಲಿಲ್ಲ.

"ಮೇಸ್ತ್ರಿ, ನೆಟ್‌ವರ್ಕ್ ಹಾಕಿಕೊಡಲೇ? ಅಲ್ಲಿಂದಲೇ ಕಳಿಸಿ. ನಾನು ಇಲ್ಲಿ ಅಳತೆ ನೋಡಿ, ತಿದ್ದಿ, ಮೇಲೆ ತಂದುಕೊಡುತ್ತೇನೆ. ನೀವು ಇಳಿಯುವುದು ತಪ್ಪುತ್ತದೆ" ಎಂದೆ.

ಅವರು ತಲೆಯಾಡಿಸಿದರು. "ಆಗಂಗಿಲ್ಲ ಬೇಟಿ. ಅಕ್ಕಾ ನನ್ನ ಕಡೆ ಮಾತು ತಗೊಂಡಾರ. ಕಾಲು ನಡಿಯೂತನಕ ನಾನ ಇಳದು ಬರಬೇಕಂತ, ಹುಡುಗರನ್ನ ಕಳಸಬಾರದಂತ. ಬಂದ ಮ್ಯಾಲ ಚಾ ಕುಡೀದ ಏಳಬಾರದಂತ. ನೀ ಚಾ ಕೇಳದಿದ್ದರ ನಾನ ಬಾಯಿಬಿಟ್ಟು ಕೇಳಬೇಕಂತ." ಮೊಣಕಾಲು ತಿಕ್ಕುವುದನ್ನು ಬಿಟ್ಟು, "ಹಂಗಾರ ಚಾ ಇಡತಿ ಏನು?" ಎಂದರು.

ನಾನು ಒಲೆಯ ಕಡೆ ತಿರುಗಿದೆ. ಸಕ್ಕರೆ ಎರಡು ಸಲ ಬಿದ್ದಿತೆಂದು ಲೋಟ ಅವರ ಕೈಗೆ ಹೋದ ಮೇಲೆ ನೆನಪಾಯಿತು. ಮೇಸ್ತ್ರಿ ಪೂರ್ತಿ ಕುಡಿದರು, ಕುಡಿದ ಮೇಲೂ ಬಹಳ ಹೊತ್ತು ಕೂತಿದ್ದರು.